ಟೊಮೆಟೊ ತೋಟದಲ್ಲಿ ಎರಡು ಸೆನ್ಸರ್: ನನ್ನ ಅನುಭವ

ಕೋಲಾರದ ಹತ್ತಿರ ನಮ್ಮದು ಒಂದೂವರೆ ಎಕರೆ ಟೊಮೆಟೊ, ಕೆಂಪು ಮಣ್ಣು, ಒಂದೇ ಬೋರ್‌ವೆಲ್. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ನಮ್ಮ ಬೋರ್ ಕೂಡ ಚೇತರಿಸಿಕೊಂಡಿತು. ಆಮೇಲೆ ನಾನು ಡ್ರಿಪ್ ವಾಲ್ವ್ ತೆರೆದರೆ ಕರೆಂಟ್ ಹೋಗುವವರೆಗೂ ಮುಚ್ಚುತ್ತಲೇ ಇರಲಿಲ್ಲ. ಡ್ರಿಪ್ ಇದ್ದ ಮೇಲೆ ನೀರು ಉಳಿದೇ ಉಳಿಯುತ್ತದೆ ಅಂದುಕೊಂಡಿದ್ದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಹುಡುಗರು ತಯಾರಿಸಿದ ಮಣ್ಣಿನ ತೇವದ ಸೆನ್ಸರ್ ಎರಡು ತಂದೆ. ಒಂದನ್ನು ಅರ್ಧ ಅಡಿ ಆಳಕ್ಕೆ, ಇನ್ನೊಂದನ್ನು ಒಂದೂವರೆ ಅಡಿಗೆ ಹೂತೆ. ಮಣ್ಣಿನಿಂದ ನೀರು ಎಳೆಯಲು ಬೇರಿಗೆ ಎಷ್ಟು ಬಲ ಬೇಕು ಅನ್ನುವ ಲೆಕ್ಕ ಕಿಲೋಪಾಸ್ಕಲ್‌ನಲ್ಲಿ ಮೊಬೈಲಿಗೆ ಬರುತ್ತದೆ, ಅಂಕಿ ಏರಿದಷ್ಟೂ ಮಣ್ಣು ಒಣಗಿದೆ ಅಂತ ಅರ್ಥ. ಮೊದಲ ವಾರ ಎಷ್ಟು ನೀರು ಬಿಟ್ಟರೂ ಒಣಗಿದೆ ಅಂತಲೇ ತೋರಿಸಿತು. ಕಿತ್ತು ನೋಡಿದರೆ ಸುತ್ತ ಗಾಳಿ ಸೇರಿಕೊಂಡಿತ್ತು. ಅದೇ ಗುಂಡಿಯ ಮಣ್ಣನ್ನು ಕೆಸರಿನಂತೆ ಕಲಸಿ ಸುರಿದು, ಅದರಲ್ಲಿ ಒತ್ತಿ ಕೂರಿಸಿದ ಮೇಲೆ ಸರಿಹೋಯಿತು.

ನನ್ನ ಕಣ್ಣು ತೆರೆಸಿದ್ದು ಕೆಳಗಿನ ಸೆನ್ಸರ್. ನೀರು ಬಿಟ್ಟಾಗಲೆಲ್ಲ ಅದರ ಅಂಕಿ ಸರ್ರನೆ ಇಳಿಯುತ್ತಿತ್ತು, ಅಂದರೆ ನೀರು ಬೇರು ದಾಟಿ ಕೆಳಗೆ ಹೋಗುತ್ತಿತ್ತು. ನೀರಿನ ಜೊತೆ ನಾನು ವೆಂಚುರಿಯಲ್ಲಿ (ಡ್ರಿಪ್ ಪೈಪಿನ ನೀರಿಗೆ ಗೊಬ್ಬರ ಎಳೆದು ಸೇರಿಸುವ ಸಾಧನ) ಕೊಟ್ಟ ಯೂರಿಯಾನೂ ಹೋಗುತ್ತದೆ, ಅಲ್ವಾ? ಅದು ನೈಟ್ರೇಟ್ ಆಗಿ ಇಳಿಯುವುದು ನಾವೇ ಕುಡಿಯುವ ಅಂತರ್ಜಲಕ್ಕೆ. ಅದು ಹೊಳೆದ ದಿನ ನನಗೆ ನಿಜವಾಗಿ ಸಂಕಟವಾಯಿತು.

ಈಗ ಮೇಲಿನ ಸೆನ್ಸರ್ 25 ದಾಟಿದಾಗ ಮಾತ್ರ ವಾಲ್ವ್ ತೆರೆಯುತ್ತೇನೆ, 10ಕ್ಕೆ ಇಳಿದರೆ ಮುಚ್ಚುತ್ತೇನೆ. ಇದು ನಮ್ಮ ಮಣ್ಣಿನ ಲೆಕ್ಕ, ಕಪ್ಪು ಮಣ್ಣಿನವರು ಇದನ್ನೇ ಹಿಡಿಯಬೇಡಿ. ಗೊಬ್ಬರವನ್ನು ಶುರುವಿನಲ್ಲೇ ಸುರಿಯದೆ ಅರ್ಧ ನೀರು ಹೋದ ಮೇಲೆ ಕೊಡುತ್ತೇನೆ, ಕೊನೆಯ ಹತ್ತು ನಿಮಿಷ ಬರೀ ನೀರು, ಪೈಪು ತೊಳೆಯೋಕೆ. ಮೋಟಾರ್ ಓಡುವ ಹೊತ್ತು ಸುಮಾರು ಮೂರನೇ ಒಂದು ಭಾಗ ಇಳಿದಿದೆ, ಯೂರಿಯಾ ಕೂಡ ಕಡಿಮೆ ಸಾಕಾಗುತ್ತಿದೆ, ಕಾಯಿ ಒಡೆಯುವುದೂ ಕಮ್ಮಿ. ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ನೀರು ಉಳಿಸಿದ್ದು ಜೇಬಿಗೆ ಕಾಣುವುದಿಲ್ಲ. ಕಾಣುವುದು ಗೊಬ್ಬರದ ಅಂಗಡಿಯಲ್ಲೇ.

ಉಳಿದ ನೀರಿಗೆ ಇನ್ನರ್ಧ ಎಕರೆ ಬೀನ್ಸ್ ಹಾಕೋಣ ಅಂತ ಮನೆಯಲ್ಲಿ ಮಾತು ಬಂತು. ಹಾಕಿದರೆ ಬೋರ್ ಮತ್ತೆ ಮೊದಲಿನಷ್ಟೇ ಹೊತ್ತು ಓಡುತ್ತದೆ. ತುಂಬಾ ಮಾತಾಡಿ ಬೇಡ ಅಂತ ಆಯಿತು. ಆ ಜಾಗಕ್ಕೆ ಮಳೆ ನಂಬಿ ರಾಗಿ ಬಿತ್ತಿದ್ದೇವೆ.