ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೂ ಕರೆಂಟ್ ಬಿಲ್ ಇಳೀತಿಲ್ವಾ?
ಬೀದರಿನ ಡಿಸೆಂಬರ್ ಥಂಡಿ ಗೊತ್ತಲ್ಲ. ಬೆಳಿಗ್ಗೆ ಆರಕ್ಕೆ ಬಾಡಿಗೆಯವರು ಬಾಗಿಲು ಬಡಿದು ನೀರು ಉಗುರುಬೆಚ್ಚಗೂ ಇಲ್ಲ ಅಂತಾರೆ. ತಿಂಗಳ ಕೊನೆಗೆ ಬಿಲ್ ನೋಡಿ ನಮಗೆ ಬೆವರು.

ಮೊದಲು ದಿನಕ್ಕೆ ಎಷ್ಟು ಬಕೆಟ್ ಬಿಸಿನೀರು ಬೇಕು ಅಂತ ಎಣಿಸಿ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಹೆಚ್ಚುಕಮ್ಮಿ ಅರ್ಧ ಯೂನಿಟ್ ಬೇಕು.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ನೆರಳು ಬೇಡ, ಧೂಳು ಒರೆಸಿ. ಅಷ್ಟೇ.

ಎಲ್ಲರೂ ಎಡವುವುದು ಬ್ಯಾಕಪ್‌ನಲ್ಲಿ, ಅಂದ್ರೆ ಬಿಸಿಲು ಸಾಲದಾಗ ಕರೆಂಟಿನಲ್ಲಿ ನೀರು ಕಾಯಿಸುವುದರಲ್ಲಿ. ಸೋಲಾರ್ ಟ್ಯಾಂಕಿನೊಳಗೇ ಕರೆಂಟಿನ ಕಾಯಿಲ್ ಹಾಕಿಸಿ, ರಾತ್ರಿ ಸ್ವಿಚ್ ಒತ್ತಿ ಮಲಗಿಬಿಡ್ತಾರೆ. ನಾನೂ ಎರಡು ಚಳಿಗಾಲ ಇದನ್ನೇ ಮಾಡಿದೆ. 200 ಲೀಟರ್ 20ರಿಂದ 60 ಡಿಗ್ರಿಗೆ ಕಾಯಲು 9 ಯೂನಿಟ್ ದಾಟುತ್ತದೆ, ಬೆಳಿಗ್ಗೆ ಖರ್ಚಾಗುವುದು ನಾಲ್ಕೇ ಬಕೆಟ್, ಉಳಿದದ್ದು ಆಗಲೇ ಬಿಸಿ ಇರುವುದರಿಂದ ಬಿಸಿಲಿಗೆ ಕೆಲಸವೇ ಇರುವುದಿಲ್ಲ.

ಬದಲಿಗೆ ಸೋಲಾರಿನಿಂದ ಬರುವ ಪೈಪನ್ನು ಬಚ್ಚಲಿನ ಗೀಸರಿಗೆ ತಣ್ಣೀರು ಹೋಗುವ ಬಾಯಿಗೆ ಕೊಡಿ. ಗೀಸರ್ ಬಿಸಿನೀರನ್ನು ಒಳಗೆ ತಗೊಳ್ಳುತ್ತಾ ಅಂತ ಅದರ ಪುಸ್ತಕದಲ್ಲಿ ನೋಡಿಕೊಂಡೇ ಜೋಡಿಸಿ. ಗೀಸರಿನಲ್ಲಿ ಬಿಸಿ ಎಷ್ಟಿರಬೇಕು ಅಂತ ತಿರುಗಿಸುವ ಗುಂಡಿಯನ್ನು 50 ಡಿಗ್ರಿಗೆ ಇಡಿ. ಮೋಡದ ದಿನ ನೀರು 30 ಡಿಗ್ರಿಯಲ್ಲಿ ಬಂದರೆ ಮಿಕ್ಕ 20ನ್ನಷ್ಟೇ ಕರೆಂಟ್ ತುಂಬುತ್ತದೆ, 50ರಲ್ಲೇ ಬಂದರೆ ಗೀಸರ್ ಸುಮ್ನೆ ಕೂರುತ್ತದೆ. ಬಿಸಿಲಿದ್ದ ದಿನ ಸಂಜೆ ನಲ್ಲಿ ಬಿಟ್ಟು ಪರೀಕ್ಷಿಸಿ. ಬಿಸಿನೀರು ಬಂದ ಮೇಲೂ ಕೆಂಪು ದೀಪ ಆರಲಿಲ್ಲ ಅಂದ್ರೆ ಗುಂಡಿ 70ಕ್ಕೆ ಇದೆ, ಇಲ್ಲಾ ಪೈಪ್ ಅದಲುಬದಲಾಗಿದೆ. ನಮ್ಮ ಮನೆಯಲ್ಲಿ ಎರಡೂ ಆಗಿತ್ತು! ಧಾರೆ ಸಣ್ಣಗೆ ಬರುತ್ತೆ ಅಂತ ಪ್ಲಂಬರ್ ಸೇಫ್ಟಿ ವಾಲ್ವ್ ಕಿತ್ತು ಬಿಸಾಕಲು ನೋಡ್ತಾನೆ, ಬಿಡಲೇಬೇಡಿ, ಒತ್ತಡ ಏರಿದರೆ ಗೀಸರ್ ಒಡೆಯಬಹುದು.

ಗುಂಡಿಯೇ ಇಲ್ಲದ 3 ಲೀಟರಿನ ಅಗ್ಗದ ಗೀಸರ್ ಇದಕ್ಕೆ ಆಗಲ್ಲ. 15 ಲೀಟರಿನದೇ ತನ್ನಿ.

ಬಿಸಿನೀರು ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ, ಮಾಮೂಲಿ ಬಿಳಿ ಪೈಪ್ ಬಿಸಿನೀರಿಗೆ ಬಾಗಿ ಜೋಲುತ್ತದೆ. ಮುಕ್ಕಾಲು ಇಂಚಿನ 15 ಮೀಟರ್ ಪೈಪಿನಲ್ಲಿ ಸುಮಾರು ನಾಲ್ಕು ಲೀಟರ್ ತಣ್ಣೀರು ನಿಂತಿರುತ್ತದೆ. ಅದನ್ನು ಚರಂಡಿಗೆ ಬಿಡಬೇಡಿ, ಬಟ್ಟೆ ನೆನೆಸಲು ಹಿಡಿದಿಡಿ. ಪೈಪಿಗೆ ಕಪ್ಪು ಫೋಮ್ ಸುತ್ತಿ, ಬಿಸಿಲಿಗೆ ಪುಡಿಯಾಗದಂತೆ ಮೇಲೆ ಅಲ್ಯೂಮಿನಿಯಂ ಟೇಪ್ ಹಚ್ಚಿ.

ಬೋರಿನ ಗಡಸು ನೀರಾದರೆ ಗೀಸರಿನ ಕಾಯಿಲಿಗೆ ಸುಣ್ಣದ ಪೊರೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಕೆರೆಸಿ.

ಆಮೇಲೆ ಬಾಡಿಗೆಯವರ ಜತೆ ಮಾತಾಡಿ. ಟ್ಯಾಂಕಿನ ನೀರು ಸಂಜೆ ನಾಲ್ಕು-ಐದಕ್ಕೆ ಚೆನ್ನಾಗಿ ಕಾದಿರುತ್ತದೆ. ನಮ್ಮ ಮೇಲಿನ ಮನೆಯ ರಾತ್ರಿ ಪಾಳಿಯವರು ಈಗ ಸಂಜೆ ಐದಕ್ಕೆ ಸ್ನಾನ ಮಾಡಿ ಕೆಲಸಕ್ಕೆ ಹೋಗ್ತಾರೆ. ಬೆಳಿಗ್ಗೆ ಆರಕ್ಕೆ ಗೀಸರಿಗೆ ಕಾಯುವವರಲ್ಲಿ ಒಬ್ಬರು ಕಮ್ಮಿ.