ಹಿರಿಯರನ್ನು ಕಣ್ಣಿನ ಪೊರೆ ಆಪರೇಷನ್‌ಗೆ ಮಿಂಟೋ ಕಣ್ಣಾಸ್ಪತ್ರೆಗೆ ಕರೆದೊಯ್ಯುವವರಿಗೆ

‘ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ ಬಿಡಿ’ ಅನ್ನುವುದು ಹಳೆಯ ಕಾಲದ ಲೆಕ್ಕ. ಈಗ ಮಸುಕಾದ ಲೆನ್ಸಿನ ತಿರುಳನ್ನು ಅಲ್ಟ್ರಾಸೌಂಡ್‌ನಿಂದ ಪುಡಿಮಾಡಿ, 3 ಮಿ.ಮೀ.ಗಿಂತ ಚಿಕ್ಕ ಸೀಳಿನಲ್ಲಿ ಹೀರಿ ತೆಗೆಯುತ್ತಾರೆ. ಬಲಿತಷ್ಟೂ ತಿರುಳು ಗಟ್ಟಿಯಾಗಿ, ಸೀಳು 6–7 ಮಿ.ಮೀ.ಗೆ ಹಿಗ್ಗಬೇಕಾಗಬಹುದು. ತೀರಾ ಬಿಟ್ಟರೆ ಪೊರೆ ಊದಿಯೋ ಸೋರಿಯೋ ಕಣ್ಣಿನ ಒತ್ತಡ ಏರಿ, ನರಕ್ಕೇ ಪೆಟ್ಟು ಬೀಳಬಹುದು. ಬಸ್ಸಿನ ಬೋರ್ಡು ಓದಲು, ಅಕ್ಕಿಯಲ್ಲಿ ಕಲ್ಲು ಆರಿಸಲು ಕಷ್ಟವಾಯಿತೆಂದರೆ ಹೊರಡಿ.

ಬೆಂಗಳೂರಿನ ಮಿಂಟೋ 1896ರಲ್ಲಿ ಸಣ್ಣ ಕಣ್ಣಿನ ದವಾಖಾನೆಯಾಗಿ ಶುರುವಾದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಲ್ಲಿ, ಈಗಿನ ಕಟ್ಟಡಕ್ಕೆ ಬಂತು. ಹೆಸರು ವೈಸರಾಯ್ ಲಾರ್ಡ್ ಮಿಂಟೋ ಅವರದು. ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ ಪ್ರಾದೇಶಿಕ ನೇತ್ರ ಸಂಸ್ಥೆ. ದೀಪಾವಳಿಯ ದಿನಗಳಲ್ಲಿ ಪಟಾಕಿ ಸಿಡಿದವರ ಸಾಲು ಇರುತ್ತದೆ. ಪೊರೆ ತೋರಿಸಲು ಆ ವಾರ ಬೇಡ.

ಬೆಳಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿ. ಆಧಾರ್, ರೇಷನ್ ಕಾರ್ಡ್, ಹಳೇ ಕನ್ನಡಕ, ಈಗ ನುಂಗುವ ಮಾತ್ರೆಗಳ ಪಟ್ಟಿ ಕೈಲಿರಲಿ. ಗಂಡಸರು ಮೂತ್ರ ಸಲೀಸಾಗಲೆಂದು ಟ್ಯಾಮ್ಸುಲೋಸಿನ್ ತಗೊಳ್ಳುತ್ತಿದ್ದರೆ ಕೇಳದಿದ್ದರೂ ಹೇಳಿ. ಅದರಿಂದ ಆಪರೇಷನ್ ವೇಳೆ ಪಾಪೆ ಕುಗ್ಗಿ, ಅದರ ಸುತ್ತಲಿನ ಪರದೆ ಸಡಿಲವಾಗಿ ಅಲೆಯಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಸಿದ್ಧವಾಗಿರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪಾಪೆ ಅಗಲಿಸುವ ಡ್ರಾಪ್ಸ್ ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು. ಮಂಜು ಇಳಿಯಲು ನಾಲ್ಕೈದು ಗಂಟೆ. ಆ ದಿನ ಅವರು ಒಬ್ಬರೇ ವಾಪಸಾಗುವಂತಿಲ್ಲ.

ಕಣ್ಣೀರಿನ ನಾಳಕ್ಕೆ ಉಪ್ಪುನೀರು ಬಿಟ್ಟು ನೋಡುತ್ತಾರೆ. ಗಂಟಲಲ್ಲಿ ಉಪ್ಪು ರುಚಿ ಬಂದರೆ ದಾರಿ ತೆರೆದಿದೆ. ಕೀವು ಉಕ್ಕಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಇದು ಕಿರಿಕಿರಿ ಅನಿಸಬಹುದು, ಆದರೆ ಅಲ್ಲಿನ ಸೋಂಕು ಕಣ್ಣೊಳಗೆ ಹೊಕ್ಕರೆ ದೃಷ್ಟಿಯೇ ಹೋದೀತು.

ತೆಗೆದ ಲೆನ್ಸಿನ ಜಾಗಕ್ಕೆ ಹಾಕುವ ಕೃತಕ ಲೆನ್ಸಿನ ಪವರ್ ಗೊತ್ತುಮಾಡಲು ಕಣ್ಣನ್ನು ಅಳೆಯುತ್ತಾರೆ. ಆ ಕೋಣೆಯಲ್ಲಿ ಅಲುಗಾಡದೆ ನೇರ ನೋಡಬೇಕೆಂದು ಹಿರಿಯರಿಗೆ ಮೊದಲೇ ಹೇಳಿಡಿ. ಕಣ್ಣಿನ ಉದ್ದ ಸುಮಾರು 23–24 ಮಿ.ಮೀ. 1 ಮಿ.ಮೀ. ತಪ್ಪಿದರೆ ನಂಬರು ಎರಡೂವರೆ, ಮೂರರಷ್ಟು ತಪ್ಪುತ್ತದೆ. ಕಣ್ಣಿಗೆ ತಾಗಿಸಿ ಅಳೆಯುವ ಪ್ರೋಬ್ ಒತ್ತಿಬಿಟ್ಟರೆ ಕಣ್ಣು ಗಿಡ್ಡವಾಗಿ ಅಳೆದು, ಹಾಕುವ ಲೆನ್ಸಿನ ಪವರ್ ಹೆಚ್ಚಾಗಿ, ಕೊನೆಗೆ ಮೈನಸ್ ಕನ್ನಡಕ ಅಂಟಿಕೊಳ್ಳುತ್ತದೆ.

ಆಪರೇಷನ್ ಹತ್ತಿಪ್ಪತ್ತು ನಿಮಿಷದ ಕೆಲಸ. ಮುಂದಿನ ಆರು ವಾರ ಮನೆಯವರ ಪಾಲಿನದು.

ಡ್ರಾಪ್ಸ್ ಹಾಕುವವರು ಸೋಪಿನಿಂದ ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಕ್ಕೆಳೆಯಬೇಕು. ಅಲ್ಲಿ ಒಂದು ಸಣ್ಣ ಜೇಬು ತೆರೆಯುತ್ತದೆ. ಬಾಟಲಿಯ ತುದಿ ಒಂದೆರಡು ಸೆಂ.ಮೀ. ಮೇಲಿರಲಿ, ರೆಪ್ಪೆಗೂ ಕೂದಲಿಗೂ ತಾಗಬಾರದು. ಒಂದೇ ಹನಿ ಸಾಕು. ಕಣ್ಣಲ್ಲಿ ಅದೂ ಪೂರ್ತಿ ಹಿಡಿಸುವುದಿಲ್ಲ, ಎರಡನೆಯದು ಕೆನ್ನೆಗೇ. ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಅದುಮಿ, ಕಣ್ಣುಗುಡ್ಡೆಯನ್ನಲ್ಲ. ಎರಡು ಔಷಧಿಗಳ ನಡುವೆ ಐದು ನಿಮಿಷ ಬಿಡದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಹಾಲಿನಂಥ ಬಿಳಿ ಸ್ಟೆರಾಯ್ಡ್ ಬಾಟಲಿಯನ್ನು ಚೆನ್ನಾಗಿ ಕುಲುಕಿ. ಇಲ್ಲವಾದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಸ್ಟೆರಾಯ್ಡನ್ನು ಸಾಮಾನ್ಯವಾಗಿ ವಾರವಾರ ಇಳಿಸುತ್ತಾರೆ, ಅದನ್ನು ಕ್ಯಾಲೆಂಡರಿನಲ್ಲೇ ಬರೆದಿಡಿ. ಕೆಂಪು ಹೋಗಿ ಕಣ್ಣು ಬಿಳಿಯಾಯಿತೆಂದು ನಡುವೆ ನಿಲ್ಲಿಸಿದರೆ ಉರಿಯೂತ ಮರುಕಳಿಸಬಹುದು. ತೆರೆದ ಬಾಟಲಿ ತಿಂಗಳಾದ ಮೇಲೆ ಕಸಕ್ಕೆ.

ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ, ಎದೆಹಾಲು ಯಾವುದೂ ಬೇಡ. ಡಾಕ್ಟರು ಒಪ್ಪುವ ತನಕ ತಲೆಗೆ ನೀರು ಬೇಡ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಮೊದಲ ದಿನಗಳಲ್ಲಿ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು ಸಹಜ. ನೋವು ಇಳಿಯುವ ಬದಲು ಏರಿದರೆ, ಕೆಂಪು ಹೆಚ್ಚಿದರೆ, ನಿನ್ನೆ ಕಂಡದ್ದು ಇಂದು ಮಸುಕಾದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ರಾತ್ರಿಯಾದರೂ ಕರೆತನ್ನಿ. ಕಣ್ಣೊಳಗಿನ ಸೋಂಕಿಗೆ ಗಂಟೆಗಳ ಲೆಕ್ಕ.

ಕನ್ನಡಕದ ನಂಬರು ನಾಲ್ಕರಿಂದ ಆರು ವಾರದ ಮೇಲೆ. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಸುಕಾದರೆ ‘ಪೊರೆ ಮರಳಿ ಬಂತು’ ಅನ್ನುತ್ತಾರೆ. ಬರುವುದಿಲ್ಲ, ಲೆನ್ಸ್ ಕೂತಿರುವ ಚೀಲದ ಹಿಂಭಾಗ ಮಬ್ಬಾಗಿರುತ್ತದೆ. ಯಾಗ್ ಲೇಸರ್ ಅದರಲ್ಲೊಂದು ಕಿಂಡಿ ಬಿಡಿಸುತ್ತದೆ, ಕೂತಲ್ಲೇ ಐದು ನಿಮಿಷದೊಳಗೆ.