ದೇವ್ರಿಗೆ ಬೈದ್ರೂ ಭಜನೆನೇ ಆಗ್ತಿತ್ತು

ನಂಬಿಕೆ ಹೋಗಿದ್ದರ ಬಗ್ಗೆ ಕನ್ನಡದಲ್ಲಿ ಹಾಡು ಬರೆಯೋಕೆ ಕೂತ್ರೆ ಒಂದು ವಿಚಿತ್ರ ತೊಂದ್ರೆ ಇದೆ, ನಮ್ಮ ದಾಸರು ದೇವ್ರಿಗೆ ಬೈಯೋ ಕೆಲಸಾನೂ ಯಾವತ್ತೋ ಮುಗ್ಸಿಟ್ಟು ಹೋಗಿದಾರೆ, ಅದಕ್ಕೆ ನಿಂದಾಸ್ತುತಿ ಅಂತ ಹೆಸರು ಬೇರೆ. ಕಣ್ಣಿಲ್ವಾ ನಿಂಗೆ, ಕಿವಿ ಕೇಳ್ಸಲ್ವಾ ಅಂತ ಎಷ್ಟೇ ಸಿಟ್ಟಲ್ಲಿ ಬರೆದ್ರೂ ಕೇಳೋರು ಕಣ್ಮುಚ್ಚಿ ತಲೆ ಆಡಿಸ್ತಾರೆ. ನನ್ನ ಮೊದಲ ಡ್ರಾಫ್ಟ್ ಕೇಳಿ ನಮ್ಮತ್ತೆ, ಚೆನ್ನಾಗಿದೆ ಕಣೋ, ಶನಿವಾರದ ಭಜನೆಗೆ ಬರ್ಕೊಡು ಅಂದ್ರು! ಅವರು ಹೇಳಿದ್ದು ಸರಿನೇ, ಬೈಯೋಕೆ ಎದುರಿಗೆ ಒಬ್ಬ ಇರ್ಬೇಕಲ್ಲ, ಬೈತಾ ಇದೀನಿ ಅಂದ್ರೆ ಇನ್ನೂ ನಂಬಿದೀನಿ ಅಂತನೇ ಅರ್ಥ. ಹಾಗಾಗಿ ಹಾಡಲ್ಲಿ ದೇವ್ರ ಜೊತೆ ಮಾತಾಡೋದನ್ನೇ ಪೂರ್ತಿ ತೆಗೆದೆ.

ತೆಗೆದ್ಮೇಲೆ ಉಳಿಯೋದೇನು? ನಾನು ಹಾಸನದೋನು, ಚಿಕ್ಕಂದಿನ ಭಕ್ತಿ ಅಂದ್ರೆ ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದು ಬರೋ ಗುರುವಾರ ಬಾಗ್ಲು ತೆಗೆದ್ರೆ ಬಲಿಪಾಡ್ಯಮಿ ಆದ್ಮೇಲೆ ಮುಚ್ಚೋದು, ಆಮೇಲೆ ಮುಂದಿನ ವರ್ಷಾನೇ. ಒಳಗೆ ಹಚ್ಚಿಟ್ಟ ದೀಪ ವರ್ಷಪೂರ್ತಿ ಉರಿಯುತ್ತೆ ಅನ್ನೋ ನಂಬಿಕೆ ನಿಮಗೂ ಗೊತ್ತಿರುತ್ತೆ. ಎಲ್ರೂ ಕೇಳಿದ್ದು, ದೀಪದ ಬಗ್ಗೆ ಬರಿ ಅಂತ. ಆದ್ರೆ ದೀಪ ತಗೊಂಡ್ರೆ ಎಣ್ಣೆ ಯಾರು ಹಾಕಿದ್ರು ಅನ್ನೋ ಟಿವಿ ಡಿಬೇಟ್ ಶುರುವಾಗುತ್ತೆ, ಅದು ಹಾಡಲ್ಲ. ನನ್ನನ್ನ ಹಿಡ್ಕೊಂಡಿದ್ದು ಸೊಸೆ ಕಲ್ಲು. ಅತ್ತೆ ಕಾಟಕ್ಕೆ ದೇವಿ ಹತ್ರ ಓಡಿಬಂದ ಸೊಸೆ ಕಲ್ಲಾದ್ಳಂತೆ, ಆ ಕಲ್ಲು ವರ್ಷಕ್ಕೊಂದು ಕಾಳಿನಷ್ಟು ಅಮ್ಮನ ಕಡೆ ಸರಿಯುತ್ತಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗೀತದಂತೆ. ಪ್ರತಿ ವರ್ಷ ಕ್ಯೂನಲ್ಲಿ ಅಪ್ಪನ ಕೈ ಹಿಡ್ಕೊಂಡು ಈ ಸಲ ಹತ್ರ ಬಂದಿದ್ಯಾ ಅಂತ ಎಗರಿ ಎಗರಿ ನೋಡ್ತಿದ್ದೆ, ನಿಜವಾಗ್ಲೂ ಹತ್ರ ಬಂದಂಗೇ ಕಾಣ್ಸೋದು, ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಕಾಲೇಜಿಗೆ ಬಂದ್ಮೇಲೆ ಒಂದ್ಸಲ ದರ್ಶನ ಮುಗ್ಸಿ ಆಚೆ ಬಂದು ಚಪ್ಪಲಿ ಹಾಕೋವಾಗ ಹೊಳೀತು, ಕಲ್ಲು ನೋಡೋದನ್ನೇ ಮರ್ತಿದೀನಿ. ಜಗಳ ಇಲ್ಲ, ವಾದ ಇಲ್ಲ. ಹಾಡಿಗೆ ಅಷ್ಟು ಸಾಕಾಯ್ತು, ಪಲ್ಲವಿ ಹೀಗೆ ಬಂತು:

ಕಲ್ಲೇ ನಡೆದಿತ್ತೋ, ನಾನೇ ಬೆಳೆದಿದ್ನೋ
ವರ್ಷಕೆ ಒಂದೇ ಕಾಳು

ರಾಗದ ವಿಷ್ಯಕ್ಕೆ ಬಂದ್ರೆ, ಶಿವರಂಜನಿ ಹಾಕಿದ್ರೆ ಅಳು ತಂತಾನೇ ಬರುತ್ತೆ, ಅದಕ್ಕೇ ಬೇಡ ಅಂದೆ, ನಂಗೆ ಅಷ್ಟೇನೂ ದುಃಖ ಆಗಿರ್ಲಿಲ್ಲ, ಹಂಗಂತ ಬಿಡುಗಡೆಯ ಖುಷಿನೂ ಇರ್ಲಿಲ್ಲ. ಕೊನೆಗೆ ಮಧ್ಯಮಾವತಿ ಹಿಡ್ದೆ. ಅದ್ರಲ್ಲಿ ಗಾಂಧಾರ, ಧೈವತ ಎರಡೂ ಸ್ವರ ಇಲ್ಲ, ಗಾಂಧಾರ ಇಲ್ಲ ಅಂದ್ರೆ ಗಿಟಾರಲ್ಲಿ ಷಡ್ಜದ ಕಾರ್ಡು ಮೇಜರ್ರೂ ಆಗಲ್ಲ ಮೈನರ್ರೂ ಆಗಲ್ಲ, ಡಿ ಸಸ್ 2, ಡಿ ಸಸ್ 4 ಅನ್ನೋ ಗಾಂಧಾರ ಇಲ್ಲದ ಕಾರ್ಡುಗಳು, ಮಧ್ಯೆ ಒಂದು ಸಿ, ಇಷ್ಟರಲ್ಲೇ ಇಡೀ ಹಾಡು ಓಡುತ್ತೆ. ಕಛೇರಿ ಕೊನೇಲಿ ಮಂಗಳಕ್ಕೆ ಹಾಡೋ ರಾಗ ಇದು, ಅಲ್ಲೀವರೆಗೂ ಆದ ತಪ್ಪೆಲ್ಲ ಇದನ್ನ ಹಾಡಿದ್ರೆ ತೊಳೆದು ಹೋಗುತ್ತೆ ಅಂತಾರೆ, ನಾನು ಅದನ್ನೇ ತಂದು ಶುರುವಿಗೆ ಇಟ್ಟಿದ್ದು ಸ್ವಲ್ಪ ತರ್ಲೆನೇ ಅನ್ನಿ.

ಜಾಸ್ತಿ ತಲೆ ತಿಂದಿದ್ದು ಕೊನೇ ಚರಣ. ಕೀರ್ತನೆ ಕೇಳ್ಕೊಂಡು ಬೆಳೆದ ಕಿವಿಗೆ ಅಲ್ಲೊಂದು ಅಂಕಿತ, ಅಂದ್ರೆ ದಾಸರು ಸಹಿ ತರ ಹಾಕೋ ದೇವ್ರ ಹೆಸರು, ಬೇಕೇ ಬೇಕು, ಪುರಂದರ ವಿಠಲ ಅಂತಲೋ ಕಾಗಿನೆಲೆ ಆದಿಕೇಶವ ಅಂತಲೋ ಬಂದ್ರೇನೇ ಹಾಡು ಮುಗ್ದಂಗೆ. ನನ್ನ ಹೆಸ್ರು ಹಾಕಿ ನೋಡಿದೆ, ಅಸಹ್ಯ ಆಯ್ತು, ದೇವ್ರ ಸೀಟಲ್ಲಿ ನಾನು ಕೂತಂಗೆ. ಮನುಷ್ಯ, ಮಾನವ ಅಂತೆಲ್ಲ ಹಾಕಿದ್ರೆ ಭಾಷಣ. ಆಮೇಲೆ ಅಂಕಿತದ ಜಾಗವನ್ನ ಖಾಲಿ ಬಿಟ್ಟೆ, ಆದಿತಾಳದ ಒಂದು ಪೂರ್ತಿ ಆವರ್ತ, ಅಂದ್ರೆ ತಾಳದ ಒಂದು ಸುತ್ತು, 8 ಎಣಿಕೆ, ಮಾತಿಲ್ಲ. ತಬಲಾ ಹುಡ್ಗ ಖಾಲಿ ಜಾಗ ಕಂಡ್ರೆ ಬಿಡೋನಲ್ಲ, ತಿಹಾಯಿ (ಒಂದೇ ನುಡಿ ಮೂರ್ಸಲ ಬಾರಿಸಿ ಮುಗಿಸೋದು) ಹಾಕ್ತೀನಿ ಅಂತಾನೆ, ಬೇಡ ಮಾರಾಯ ಬರೀ ಠೇಕಾ (ತಾಳದ ಮಾಮೂಲಿ ಪೆಟ್ಟು) ಕೊಡು ಅಂತ ಪ್ರತಿ ಸಲ ಹೇಳ್ಬೇಕು. ಠೇಕಾನೂ ಇಲ್ದೆ ಪೂರ್ತಿ ಸುಮ್ನಿದ್ರೆ ಜನ ಹಾಡು ಮುಗೀತು ಅಂದ್ಕೊಂಡು ಚಪ್ಪಾಳೆ ಹೊಡೆದ್ಬಿಡ್ತಾರೆ, ಅದಕ್ಕೇ ಗಿಟಾರಲ್ಲಿ ಆ ಡಿ ಸಸ್ 4 ಮಾತ್ರ ಮೀಟ್ತಾ ಇರ್ತೀನಿ, ಆವರ್ತ ಮುಗಿದ್ಮೇಲೆ ಮತ್ತೆ ಪಲ್ಲವಿ ಎತ್ಕೊಳ್ಳೋದು.